ಸೋಪಿನ ಡಬ್ಬದ ಏಳು ಬ್ಯಾಡ್ಜು

ಅಣುವಿದ್ಯುತ್ ಸ್ಥಾವರದ ಬಟ್ಟೆ ಒಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೈ ನೆನೆಸಿದವಳಿಗೆ ಸೋಪಕ್ಕ ಅಂತಲೇ ಹೆಸರು ನಿಂತಿತ್ತು. ಕೆಲಸಗಾರರ ಗುಟ್ಟೆಲ್ಲ ಅವಳ ಖಾಲಿ ಸೋಪಿನ ಡಬ್ಬದಲ್ಲಿತ್ತು. ಅವರು ಎದೆಗೆ ಸಿಕ್ಕಿಸುವ ಬ್ಯಾಡ್ಜಿನೊಳಗೆ ಒಂದು ಫಿಲ್ಮು. ವಿಕಿರಣ ತಾಗಿದಷ್ಟೂ ಕಪ್ಪಾಗುವಂಥದ್ದು. ಲ್ಯಾಬಿನಲ್ಲಿ ತೊಳೆದಾಗ ತೀರಾ ಕಪ್ಪು ಕಂಡರೆ ಆ ವರ್ಷ ಕೆಲಸವಿಲ್ಲ. ಹೊಟ್ಟೆಪಾಡು ನೋಡಿ, ವಿಕಿರಣ ಜಾಸ್ತಿಯಿರುವ ಬಿಸಿಕೋಣೆಗೆ ಹೋಗುವವರು ಬ್ಯಾಡ್ಜನ್ನು ಅವಳ ಕೈಗಿತ್ತು ಹೋಗುತ್ತಿದ್ದರು. ಮ್ಯಾನೇಜರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಅವನದು ಜಾಣಕುರುಡು.

ಆ ದಿನ ಬೆಳಿಗ್ಗೆ ಬಿಸಿಕೋಣೆಯ ಕೊಳವೆ ಸೋರಿತು. ವಿಕಿರಣ ತುಂಬಿದ ಆ ನೀರು ಬಳಿಯಲು ಏಳು ಜನರನ್ನು ಕಳಿಸಿದರು, ಅವರಲ್ಲಿ ಸೋಪಕ್ಕನ ಒಡಹುಟ್ಟಿದ ತಮ್ಮನೂ ಒಬ್ಬ. ಹತ್ತೇ ನಿಮಿಷ ಅಂದಿದ್ದರು. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಸರಿಯಿತು. ತಮ್ಮ ಮೊಣಕಾಲವರೆಗೆ ತೊಯ್ದು ಬಂದ, ಬಟ್ಟೆ ಬಿಚ್ಚಿಹಾಕಿ ಮೂಲೆಯಲ್ಲಿ ವಾಂತಿ ಮಾಡಿದ.

“ನಡಿಯೋ ಆಸ್ಪತ್ರೆಗೆ.”

“ಹೋಗಿ ಏನಂತ ಹೇಳ್ಲಿ, ಅಕ್ಕ? ಲೆಕ್ಕದಲ್ಲಿ ನಾನು ಒಳಗೇ ಹೋಗಿಲ್ಲ. ಬ್ಯಾಡ್ಜು ನಿನ್ನ ಹತ್ರ ಇದೆ.”

ಮುಚ್ಚಿಟ್ಟದ್ದು ಅವಳದೇ ಕೈ.

ಹನ್ನೊಂದಕ್ಕೆ ಮ್ಯಾನೇಜರು ಬಾಗಿಲಲ್ಲಿ ನಿಂತ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಂಬಿ ಬದುಕಿದ ಆಸಾಮಿ. “ಎರಡು ಗಂಟೆಗೆ ಆ ಏಳು ಬ್ಯಾಡ್ಜು ಕೊಡು. ನಾನೇ ಸೀಲ್ ಹಾಕಿ ಸರ್ಕಾರದ ಲ್ಯಾಬಿಗೆ ಕಳಿಸ್ತೀನಿ. ಇವತ್ತು ಯಾರೂ ಒಳಗೆ ಹೋಗಿಲ್ಲ, ಅಲ್ವಾ?”

“ನೀವು ಹೇಳಿದ ಮೇಲೆ ಮುಗೀತಲ್ಲ, ಸಾರ್.”

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ, ಡಬ್ಬ ಬಗ್ಗಿಸಿದಳು. ಒಂದೊಂದೇ ಬ್ಯಾಡ್ಜನ್ನು ಪ್ಲಾಸ್ಟಿಕ್ಕಿನಲ್ಲಿಟ್ಟು, ಅವರವರ ಒದ್ದೆ ಪ್ಯಾಂಟಿನಲ್ಲೇ ಸುತ್ತಿ, ಏಳನ್ನೂ ಗಂಟು ಕಟ್ಟಿದಳು.

ಒಂದು ಗಂಟೆಗೆ ಮ್ಯಾನೇಜರು ಮತ್ತೆ ಇಣುಕಿದ. “ಇನ್ನೂ ಒಗೆದಿಲ್ವಾ ಅದನ್ನ?”

“ಬಿಸಿನೀರು ಬಂದಿಲ್ಲ, ಸಾರ್.”

ಅವನ ಕಣ್ಣು ಗಂಟಿನ ಮೇಲೆ ನಿಂತಿತು. ಮುಟ್ಟಿ ನೋಡುವ ಧೈರ್ಯ ಅವನಿಗೆಲ್ಲಿಯದು? ಆ ಬಟ್ಟೆ ಎಂಥ ನೀರಲ್ಲಿ ನೆನೆದಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಹೊರಟುಹೋದ.

ಎರಡಕ್ಕೆ ಬ್ಯಾಡ್ಜು ಒರೆಸಿ ಕೊಟ್ಟಳು. ಅವನು ಏಳನ್ನೂ ಎಣಿಸಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ಸಹಿ ಹಾಕಿದ. “ನಿಯತ್ತು ಅಂದ್ರೆ ನಿನ್ನದು ನೋಡು,” ಅಂದ. ಲಕೋಟೆ ಹೊತ್ತ ಜೀಪು ಗೇಟು ದಾಟುವವರೆಗೆ ಅವಳು ಕಿಟಕಿ ಬಿಟ್ಟು ಕದಲಲಿಲ್ಲ.

ಆಮೇಲೆ ತಮ್ಮನ ತೋಳನ್ನು ಹೆಗಲಿಗೆ ಹಾಕಿಕೊಂಡಳು.

“ನಡಿ ಈಗ. ನೀನು ಒಳಗೆ ಹೋಗಿದ್ದೆ ಅಂತ ಅವನೇ ಸಹಿ ಹಾಕಿ ಕಳಿಸಿದಾನೆ.”