ರೊಟ್ಟಿ ತೂಗುವ ಊರಮ್ಮ

ಬಂಡ್ರಿಯಲ್ಲಿ ಹೊತ್ತು ಮೂಡುತ್ತಿದೆ. ಮರುಳಸಿದ್ದಮ್ಮನ ಮನೆಯ ಪಡಸಾಲೆಯಲ್ಲಿ ಊರಮ್ಮ ಮಂಡಿಯೂರಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿದ್ದಾರೆ. ಹಾಸುಗಲ್ಲೊಂದರ ಮೇಲೆ ಸೀಮೆಸುಣ್ಣದ ಗುರುತಿದೆ. ಈ ಮನೆಯಲ್ಲಿ ಸಮವಾಗಿರುವ ಕಲ್ಲು ಅದೊಂದೇ. ಅದರ ಮೇಲೆ ತೂಕದ ಯಂತ್ರ ಇಟ್ಟು, ಚೀಲದಿಂದ ಎರಡು ಕೆಜಿಯ ಕಬ್ಬಿಣದ ತೂಕದ ಕಲ್ಲು ತೆಗೆದು ಅದರ ಮೇಲಿಡುತ್ತಾರೆ. ಅಂಕಿ ಸರಿಯಾಗಿ ಎರಡಕ್ಕೆ ನಿಂತ ಮೇಲೆಯೇ ತಲೆ ಎತ್ತುತ್ತಾರೆ.

“ಹಾಲೇಶಪ್ಪಾ, ಚಾ ಕುಡದಿಲ್ಲ ಹೌದಿಲ್ಲೋ?”

“ಎಲ್ಲಿ ಚಾ ಅಕ್ಕಾ! ನೀವು ಬರೋ ದಿನ ನಮ್ಮವ್ವ ಒಲಿನ ಹಚ್ಚಂಗಿಲ್ಲ.”

“ಹಚ್ಚಿದ್ರ ನೀನು ಸುಮ್ಮನಿರ್ತೀಯೇನಲೇ?” ಒಳಗಿನಿಂದ ತಾಯಿ ಮರುಳಸಿದ್ದಮ್ಮನ ದನಿ.

“ಹಿತ್ತಲಿಗೆ ಹೋಗಿ ಬಂದೀಯೇನು?” ಎಂದು ಊರಮ್ಮ ಕೇಳುತ್ತಾರೆ. ಹಾಲೇಶ್ ನಾಚಿ ನಗುತ್ತಾನೆ. “ಮೊದ್ಲು ಹೋಗಿ ಬಾ. ನಾ ಎಲ್ಲೂ ಓಡಿಹೋಗಂಗಿಲ್ಲ.”

ಹಾಲೇಶನಿಗೆ ಮೂವತ್ತೊಂದು ವರ್ಷ. ಗಣಿಯ ಟಿಪ್ಪರ್ ಓಡಿಸುತ್ತಿದ್ದವನು. ಮೂರು ವರ್ಷದ ಹಿಂದೆ ಹೊಟ್ಟೆನೋವು ಬಂದಾಗ ಗ್ಯಾಸ್ ಎಂದುಕೊಂಡು ಎರಡು ದಿನ ಸೋಡಾ ಕುಡಿದ. ಆದರೆ ಕರುಳಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಸಣ್ಣ ಕರುಳಿನ ಬಹುಭಾಗವನ್ನು ತೆಗೆಯಬೇಕಾಯಿತು. ತಿಂದದ್ದು ಮೈಗೆ ಹತ್ತದ ಆ ದಿನಗಳಲ್ಲಿ ಎದೆಗೆ ಸಣ್ಣ ಪೈಪು ಹಾಕಿ, ರಕ್ತಕ್ಕೇ ನೇರವಾಗಿ ಆಹಾರದ ಡ್ರಿಪ್ ಕೊಟ್ಟು ಅವನನ್ನು ಉಳಿಸಿದರು. ಹದಿನಾರು ತಿಂಗಳ ಹಿಂದೆ, ಹೆಸರೂ ತಿಳಿಯದ ಒಂದು ಕುಟುಂಬ ತಮ್ಮ ಮನೆಯ ಮಗನ ಕರುಳನ್ನು ದಾನ ಮಾಡಿತು. ಅದನ್ನು ಹಾಲೇಶನಿಗೆ ಕಸಿ ಮಾಡಲಾಯಿತು. ನಾಲ್ಕು ತಿಂಗಳಲ್ಲಿ ಡ್ರಿಪ್ ನಿಂತಿತು. ಆದರೆ ಎದೆಯ ಪೈಪು ಇನ್ನೂ ಇದೆ.

ಆ ಪೈಪು ತೆಗೆಯಲು ವೈದ್ಯರು ಒಂದು ಗಡಿ ಹಾಕಿದ್ದಾರೆ. ಬರೀ ಊಟದ ಮೇಲೆಯೇ ಮೂರು ತಿಂಗಳು ಅವನ ತೂಕ ನಲವತ್ತೆಂಟು ಕೆಜಿಗಿಂತ ಕೆಳಗಿಳಿಯಬಾರದು. ಎರಡು ತಿಂಗಳು ದಾಟಿವೆ. ಇವತ್ತಿನದು ಮೂರನೆಯ ತೂಕ. ಪೈಪಿಗೆ ಸೋಂಕು ತಗುಲಿ ಒಂದು ಜ್ವರ ಬಂದರೂ ಪ್ರಾಣಕ್ಕೆ ಕುತ್ತು. ಹಾಲೇಶನ ಆಸೆ ಮಾತ್ರ ಬೇರೆ. “ಪೈಪು ನೆನೀಬಾರ್ದು ಅಂತ ಮೂರು ವರ್ಷದಿಂದ ಒದ್ದಿ ಬಟ್ಟೀಲಿ ಮೈ ಒರಸ್ಕೋತೀನ್ರಿ. ಒಂದ್ಸಲ ತಲಿಮ್ಯಾಲಿಂದ ಬಿಸಿನೀರು ಸುರುವಿಕೊಂಡು ಸ್ನಾನ ಮಾಡ್ಬೇಕು.”

ನಲವತ್ತಾರು ವರ್ಷದ ಊರಮ್ಮ ವೈದ್ಯೆಯೂ ಅಲ್ಲ, ನರ್ಸೂ ಅಲ್ಲ. ಕರುಳು ಕಸಿಯಾದವರು ಏನು ಉಣ್ಣುತ್ತಾರೆ, ಅದರಲ್ಲಿ ಎಷ್ಟು ಮೈಗೆ ಹತ್ತುತ್ತದೆ, ಡ್ರಿಪ್‌ನಿಂದ ಎಷ್ಟು ಬೇಗ ಬಿಡುಗಡೆಯಾಗುತ್ತಾರೆ ಎಂದು ದೂರದ ಆಸ್ಪತ್ರೆಯೊಂದು ನಡೆಸುತ್ತಿರುವ ಅಧ್ಯಯನಕ್ಕೆ ಈ ಭಾಗದ ಮನೆಗಳಿಂದ ಲೆಕ್ಕ ತರುವವರು. ಅವರ ಪಾಲಿನ ಮನೆಗಳಲ್ಲಿ ಕಸಿಯಾದವರು ಇಬ್ಬರು: ಬಂಡ್ರಿಯ ಹಾಲೇಶ್, ಎಮ್ಮಿಗನೂರಿನ ಒಬ್ಬ ಹೆಣ್ಣುಮಗಳು. ಕರುಳು ಮೊಟಕಾಗಿ, ಕಸಿ ಬೇಕೋ ಬೇಡವೋ ಎಂದು ಕಾಯುತ್ತಿರುವವರು ಮತ್ತಿಬ್ಬರು. ಒಬ್ಬರು ಹಂಪಿಯಲ್ಲಿ ಗೆಸ್ಟ್ ಹೌಸಿನ ಬಟ್ಟೆ ಒಗೆಯುತ್ತಾರೆ, ಇನ್ನೊಬ್ಬರು ಸಂಡೂರಿನಲ್ಲಿ ಟೇಲರ್. ಕಂಪ್ಲಿಯಲ್ಲೂ ಒಬ್ಬರಿದ್ದರು. ದಾನಿಯ ಕರುಳು ಸಿಗುವ ಮೊದಲೇ ತೀರಿಕೊಂಡರು. ಅವರ ಹಾಳೆಗಳನ್ನು ಊರಮ್ಮ ಇನ್ನೂ ಚೀಲದಿಂದ ತೆಗೆದಿಲ್ಲ.

ಹೊಸಪೇಟೆಯಿಂದ ನಸುಕಿನ ಮೊದಲ ಬಸ್ಸು. ಹೆಗಲ ಚೀಲದ ತೂಕ ಆರೂವರೆ ಕೆಜಿ: ಆಳನ್ನು ತೂಗುವ ಯಂತ್ರ, ಅಡುಗೆ ತೂಗುವ ಚಿಕ್ಕ ಯಂತ್ರ, ತೂಕದ ಕಲ್ಲು, ಹಾಳೆಗಳು, ಬುತ್ತಿ. “ಇವತ್ತು ಯಾರ್ನ ತೂಗಾಕ ಹೊಂಟ್ರಿ ಅಕ್ಕಾ?” ಎಂದು ಕಂಡಕ್ಟರ್ ದಿನವೂ ಕಾಡುತ್ತಾನೆ. “ನಿನ್ನ ಹೊಟ್ಟಿ ನೋಡಿದ್ರ ನಿನ್ನಿಂದನ ಶುರು ಮಾಡ್ಬೇಕು, ತಮ್ಮಾ” ಎನ್ನುತ್ತಾರೆ ಇವರು. ಒಬ್ಬೊಬ್ಬರ ಮನೆಯಲ್ಲೂ ತಿಂಗಳಿಗೆ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕೂತು, ತಟ್ಟೆಗೆ ಬಿದ್ದದ್ದನ್ನೂ ತಟ್ಟೆಯಲ್ಲಿ ಉಳಿದದ್ದನ್ನೂ ತೂಗುತ್ತಾರೆ.

ಹೀಗೆ ಕೂರುವುದು ಮೊದಲಿರಲಿಲ್ಲ. ಹಾಲೇಶನ ಡ್ರಿಪ್ ನಿಂತ ಮೇಲೆ ಊರಮ್ಮ ತಿಂಗಳಿಗೊಮ್ಮೆ ನಸುಕಿನಲ್ಲಿ ಬಂದು ತೂಕ ನೋಡಿ, ಒಲೆ ಹಚ್ಚುವ ಮೊದಲೇ ಮುಂದಿನ ಬಸ್ಸು ಹಿಡಿಯುತ್ತಿದ್ದರು. ಊಟದ ಲೆಕ್ಕ ಫೋನಿನಲ್ಲಿ. ಎಷ್ಟು ರೊಟ್ಟಿ? ನಾಲ್ಕು. ಆಸ್ಪತ್ರೆಯ ಹಾಳೆಯಲ್ಲಿ ಒಂದು ರೊಟ್ಟಿ ಎಂದರೆ ಎಪ್ಪತ್ತು ಗ್ರಾಂ ಎಂದು ಅಚ್ಚಾಗಿತ್ತು. ವಾರವಾರವೂ ನಾಲ್ಕು. ಆದರೆ ತೂಕ ನಲವತ್ತೇಳರಿಂದ ನಲವತ್ತಮೂರಕ್ಕೆ ಇಳಿಯಿತು. ಇಷ್ಟು ಉಂಡೂ ಇಳಿಯುತ್ತಿದ್ದಾನೆ ಎಂದರೆ ಹೊಸ ಕರುಳು ಸಾರ ಹೀರುತ್ತಿಲ್ಲ ಎಂದೇ ಅರ್ಥ. ಬಂದು ದಾಖಲಾಗಿ, ಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಕರುಳಿನ ಒಳಗೆ ನೋಡಬೇಕು, ಡ್ರಿಪ್ ಮತ್ತೆ ಶುರುಮಾಡಬೇಕು ಎಂದರು ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ರಮಾ. ಆ ಸುದ್ದಿ ಹೇಳಲು ಬಂದ ದಿನ ಊರಮ್ಮ ಮುಂದಿನ ಬಸ್ಸು ಹತ್ತದೆ ಒಲೆಯ ಮುಂದೆ ಕೂತರು.

ಮರುಳಸಿದ್ದಮ್ಮ ರೊಟ್ಟಿ ಬಡಿಯತೊಡಗಿದರು. ದೊಡ್ಡ ರೊಟ್ಟಿಗಳನ್ನೆಲ್ಲ ಬಡಿದಾದ ಮೇಲೆ, ಕೊನೆಗೆ ಉಳಿದ ಹಿಟ್ಟಿನಲ್ಲಿ ಅಂಗೈಯಗಲದ ನಾಲ್ಕು ರೊಟ್ಟಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರಿಗೆಂದು ಮಾಡುವಂಥವು. ಆ ನಾಲ್ಕೂ ಹಾಲೇಶನ ತಟ್ಟೆಗೆ ಬಿದ್ದವು.

“ಇದೇನ್ರಿ ಯವ್ವಾ, ಇಷ್ಟ ಸಣ್ಣವು?”

“ಮತ್ತ? ವರ್ಷ ತುಂಬದ ಕೂಸಿಗೆ ಯಾರರ ದೊಡ್ಡ ರೊಟ್ಟಿ ಹಾಕ್ತಾರೇನು? ಇವನ ಕರುಳಿಗೆ ಇನ್ನಾ ವರ್ಷ ತುಂಬಿಲ್ಲ.”

ತೂಗಿದರೆ ಒಂದೊಂದೂ ಇಪ್ಪತ್ತೆಂಟು ಗ್ರಾಂ. ಮಗ ಹೊಟ್ಟೆ ತುಂಬಿಲ್ಲ ಎಂದು ಹೇಳಿರಲಿಲ್ಲ, ಹೇಳಿದರೆ ತಾಯಿ ಹೆದರುತ್ತಾಳೆಂದು. ತಾಯಿ ಕೇಳಿರಲಿಲ್ಲ, ನಾಲ್ಕು ಎಂದರೆ ನಾಲ್ಕು ಹಾಕಿದ್ದೇನಲ್ಲ ಎಂದು.

ಊರಮ್ಮ ಮಾತ್ರ ಬೈದುಕೊಂಡದ್ದು ತನ್ನನ್ನೇ. ಈ ಕೆಲಸಕ್ಕೆ ಬರುವ ಮೊದಲು ಹನ್ನೊಂದು ವರ್ಷ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ತೂಕ ಬರೆದವರು ಅವರು. ಅಲ್ಲಿಗೆ ಯಂತ್ರ ಬಂದು ಕೆಲಸ ಹೋದಾಗ ಕೇಳಿ ತಂದುಕೊಂಡದ್ದೇ ಈ ಎರಡು ಕೆಜಿಯ ಕಲ್ಲು. “ಚೀಲ ಎಣಿಸಿ ಬರದ್ರ ಸಾವ್ಕಾರ ನನ್ನ ಅವತ್ತ ಮನೀಗೆ ಕಳಸ್ತಿದ್ದ. ಅಕ್ಕಿ ತೂಗಿ ಬರದಾಕಿ ನಾನು, ಒಬ್ಬ ಮನಷಾ ಉಣ್ಣೋ ರೊಟ್ಟಿ ಎಣಿಸ್ಕೋತ ಕುಂತಿದ್ದೆ ನೋಡ್ರಿ.”

ಅವತ್ತು ಒಲೆಯ ಮುಂದಿನಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. “ಮೇಡಂ, ಕರುಳು ಸೋತಿಲ್ಲ. ತಟ್ಟೀನ ಸಣ್ಣದು. ಡ್ರಿಪ್ ಹಚ್ಚಬ್ಯಾಡ್ರಿ.” ಕರುಳನ್ನು ದೇಹ ತಿರಸ್ಕರಿಸುತ್ತಿದೆಯೋ ಏನೋ, ಸ್ಕೋಪ್ ಮಾಡದೆ ಇರಲು ಬರುವುದಿಲ್ಲ ಎಂದರು ಡಾಕ್ಟರ್. “ಅದನ್ನ ಮಾಡ್ರಿ. ಡ್ರಿಪ್ಪಿಗೆ ಮಾತ್ರ ಹದಿನೈದು ದಿನ ತಡೀರಿ, ತಟ್ಟೀಗೆ ನಾನು ಜವಾಬ್ದಾರಿ.” ಸ್ಕೋಪಿನಲ್ಲಿ ಕರುಳು ಚೆನ್ನಾಗಿಯೇ ಇತ್ತು. ಹದಿನೈದು ದಿನ ದಿನಬಿಟ್ಟು ದಿನ ಬಂಡ್ರಿಗೆ ಬಂದು ಒಲೆಯ ಮುಂದೆ ಕೂತರು. ಹಾಲೇಶನ ರೊಟ್ಟಿ ವಾರಕ್ಕಿಷ್ಟು ಎಂದು ಅಗಲವಾಗುತ್ತ ಹೋಯಿತು. ತೂಕ ಏರಿತು. ಡ್ರಿಪ್ ಮತ್ತೆ ಹಚ್ಚಲಿಲ್ಲ.

ಈಗ ಅಧ್ಯಯನದ ಮೂವತ್ತೊಂದು ಮನೆಗಳ ಹಾಳೆಯಲ್ಲೂ ‘ಎಷ್ಟು’ ಎಂಬ ಕಡೆ ‘ಎಷ್ಟು ಗ್ರಾಂ’ ಎಂದಿದೆ. ಮೊದಲ ವರದಿ ಅಚ್ಚಾದಾಗ ಅದರಲ್ಲಿ ಊರಮ್ಮನ ಹೆಸರಿರಲಿಲ್ಲ, ‘ಕ್ಷೇತ್ರ ಸಿಬ್ಬಂದಿ’ ಎಂದಷ್ಟೇ ಇತ್ತು. “ಹೆಸ್ರು ತಗೊಂಡು ಏನ್ ಮಾಡಾದೈತ್ರಿ, ತೂಕ ಬರೋಬರಿ ಅಚ್ಚಾಗೈತಿ” ಎನ್ನುತ್ತಾರೆ.

ಹಾಲೇಶ್ ಹಿತ್ತಲಿನಿಂದ ಬರುತ್ತಾನೆ. ಅಂಗಿ ಕಳಚಿ, ಸೊಂಟದ ಕೀಲಿಗೊಂಚಲು ತೆಗೆದಿಟ್ಟು ಯಂತ್ರ ಹತ್ತುತ್ತಾನೆ. ಎದೆಯ ಪೈಪಿನ ಮೇಲೆ ಬಿಳಿ ಪಟ್ಟಿ. ಅಂಕಿ ಓಡಾಡಿ ನಿಲ್ಲುತ್ತದೆ: ನಲವತ್ತೇಳು ಕೆಜಿ ಒಂಬೈನೂರು ಗ್ರಾಂ.

ಇಳಿಸಿ, ಕಲ್ಲಿಟ್ಟು ನೋಡಿ, ಮತ್ತೆ ಹತ್ತಿಸುತ್ತಾರೆ. ಈಗಲೂ ಅಷ್ಟೇ.

“ನೂರು ಗ್ರಾಮಿಗೆ ಏನ್ ಆಗ್ತೈತಿ ತಂಗೀ,” ಬಾಗಿಲಲ್ಲಿ ನಿಂತ ಮರುಳಸಿದ್ದಮ್ಮನ ದನಿ ಸಣ್ಣಗಾಗಿದೆ. “ಒಂದು ಲೋಟ ನೀರು ಕುಡಿಸಿ ಹತ್ತಸ್ಲೇನು?”

“ನೀರು ಸಂಜೀಮಟ ಇರಂಗಿಲ್ಲ ಯವ್ವಾ. ಸುಳ್ಳು ತೂಕಕ್ಕ ಪೈಪು ತೆಗದು, ನಾಳೆ ಬೇಕಾತಂದ್ರ ಮತ್ತ ಎದಿ ಚುಚ್ಚಬೇಕು.”

ಹಾಲೇಶ್ ಯಂತ್ರದಿಂದ ಇಳಿದು ಅಂಗಿ ತೊಡುತ್ತಾನೆ. “ಇದ್ದಷ್ಟು ಬರೀರಿ ಅಕ್ಕಾ,” ಹಾಲೇಶನೇ ಹೇಳುತ್ತಾನೆ. ಊರಮ್ಮ ಬರೆಯುತ್ತಾರೆ, ಫೋನ್ ಮಾಡುತ್ತಾರೆ. ಹೋದ ವಾರ ಎರಡು ದಿನ ಭೇದಿಯಾಗಿತ್ತು ಎಂಬುದನ್ನೂ ಸೇರಿಸುತ್ತಾರೆ. ಮೂರು ತಿಂಗಳನ್ನು ಮೊದಲಿನಿಂದ ಎಣಿಸುವುದು ಬೇಡ, ಇನ್ನೊಂದು ತಿಂಗಳು ನೋಡಿ ತೀರ್ಮಾನಿಸೋಣ ಎನ್ನುತ್ತಾರೆ ಡಾಕ್ಟರ್ ರಮಾ.

ಮರುಳಸಿದ್ದಮ್ಮ ಕಣ್ಣೊರೆಸಿಕೊಂಡು ಒಲೆ ಹಚ್ಚುತ್ತಾರೆ. ಈಗೆಲ್ಲ ಮಗನ ರೊಟ್ಟಿಯೇ ಮೊದಲು, ಹಂಚಿನಗಲ. ಊರಮ್ಮ ತೂಗುತ್ತಾರೆ: ಎಪ್ಪತ್ತೆರಡು ಗ್ರಾಂ. “ಇದು ರೊಟ್ಟಿ!”

“ನೀನೂ ಒಂದು ಉಣ್ಣು ತಂಗೀ. ಎಷ್ಟು ದಿನ ಆ ಬುತ್ತಿ ಬಿಚ್ಚತೀ?”

“ಬ್ಯಾಡ್ರಿ ಯವ್ವಾ. ನಾ ಉಂಡ್ರ ನೀವು ಉಪಾಸ ಇರ್ತೀರಿ, ಇಲ್ಲಾ ಇವನ ತಟ್ಟೀದು ನನಗ ಬರ್ತೈತಿ. ನನ್ನ ಲೆಕ್ಕ ಕೆಡ್ತೈತಿ.” ಎರಡು ವರ್ಷದಲ್ಲಿ ಯಾವ ರೋಗಿಯ ಮನೆಯಲ್ಲೂ ಅವರು ಒಂದು ತುತ್ತು ಉಂಡಿಲ್ಲ. ಇದಕ್ಕೆ ಬೇಸರ ಮಾಡಿಕೊಂಡವರೂ ಇದ್ದಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಊರಮ್ಮ ತೂಕದ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತ ಹೇಳುತ್ತಾರೆ: “ಇವನು ತಲಿಮ್ಯಾಲಿಂದ ನೀರು ಹಾಕ್ಕೊಂಡ ದಿನ ಈ ಚೀಲ ಮನ್ಯಾಗ ಬಿಟ್ಟು ಬರ್ತೀನಿ. ಇಲ್ಲೇ ಕುಂತು ಹೊಟ್ಟಿ ತುಂಬ ರೊಟ್ಟಿ ಉಣ್ತೀನಿ. ಅವತ್ತು ಎಷ್ಟು ಗ್ರಾಂ ಅಂತ ಮಾತ್ರ ಯಾರೂ ಕೇಳಬಾರ್ದು.”