ಕೊಡೆಯೊಳಗಿನ ನೀರುಳ್ಳಿ

ಬೋಳಾರದ ನಮ್ಮ ಮನೆಯೊಳಗೆ ನೀರುಳ್ಳಿಗೆ ಪ್ರವೇಶವಿರಲಿಲ್ಲ. ಮಾವ ಪೂಜೆ ಮಾಡಿ ಸಂಸಾರ ಸಾಕಿದವರು. ನಾನು ಮದುವೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಆಮೇಲೆ ಅತ್ತೆಯ ಮಡಿ ಇನ್ನಷ್ಟು ಬಿಗಿಯಾಗಿತ್ತಂತೆ. ನನ್ನ ಯಜಮಾನರು ಮಾತ್ರ ಪೂಜೆಯ ಕಡೆ ಹೋಗದೆ ಶಾಲೆಯ ಮಾಸ್ಟ್ರಾದವರು. ಸಂಜೆ ಶಾಲೆ ಬಿಟ್ಟ ಕೂಡಲೇ ಹೋಟೆಲಿಗೆ ನುಗ್ಗಿ ನೀರುಳ್ಳಿ ಬಜೆ, ನೀರುಳ್ಳಿ ಸಾಂಬಾರು ಬಾರಿಸಿ, ಬಾಯಿಗೆ ಏಲಕ್ಕಿ ಹಾಕಿಕೊಂಡು ಮನೆಗೆ ಬರುವುದು ಅವರ ನಿತ್ಯಕರ್ಮ. ನಾನು ಬಾಳೆಲೆ ಹಾಕಿದರೆ, "ಹಸಿವಿಲ್ಲ" ಎನ್ನುವರು.

ಹೀಗೆ ವರ್ಷಗಟ್ಟಲೆ ನಡೆದ ಮೇಲೆ ಹೊಟ್ಟೆ ಮುಷ್ಕರ ಹೂಡಿತು. ಎದೆ ಉರಿ, ವಾಂತಿ. ಕೆಲವು ದಿನ ಶಾಲೆಗೆ ಹೋಗುವುದಕ್ಕೂ ಆಗಲಿಲ್ಲ. ಫಳ್ನೀರಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಕಾದು ಕಾದು ಕಪ್ಪಾದ ಆ ಹೋಟೆಲಿನ ಎಣ್ಣೆ ಬಿಡಿ ಮಾಸ್ಟ್ರೇ. ಬಿಡದಿದ್ದರೆ ನನ್ನ ಹತ್ರ ಬರಬೇಡಿ" ಎಂದರು.

ಮೂರು ದಿನ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ ಉಂಡರು. ನಾಲ್ಕನೆಯ ದಿನ ಮತ್ತೆ ಏಲಕ್ಕಿ ಪರಿಮಳ. ನನಗೆ ಸಿಟ್ಟು ಬಂತು, ಅಳುವೂ ಬಂತು. ಸಂಬಳದಲ್ಲಿ ಒಂದು ಪಾಲು ಹೋಟೆಲಿಗೆ, ಇನ್ನೊಂದು ಪಾಲು ಔಷಧಕ್ಕೆ. ನಾನು ಮಾಡಿದ ಅಡುಗೆ ದನಕ್ಕೆ.

"ನಿಮಗೆ ನೀರುಳ್ಳಿ ತಾನೆ ಬೇಕಾದ್ದು? ತನ್ನಿ, ನಾನೇ ಮಾಡಿ ಹಾಕ್ತೇನೆ. ಹೋಟೆಲಿನ ಮೆಟ್ಟಿಲು ಮಾತ್ರ ಹತ್ತಬಾರದು" ಎಂದೆ.

"ಅಮ್ಮ ನನ್ನನ್ನು ಬಿಟ್ಟಾರಾ ಮಾರಾಯ್ತಿ!"

"ಅಮ್ಮನಿಗೆ ಹೇಳುವವರು ಯಾರು?"

ಅತ್ತೆ ಸಂಜೆ ದೇವಸ್ಥಾನಕ್ಕೆ ಹೋದರೆ ಮಂಗಳಾರತಿ ಮುಗಿಸಿಯೇ ಬರುವುದು. ಅಷ್ಟರೊಳಗೆ ಬಚ್ಚಲುಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು, ಮಣ್ಣಿನ ಪಾತ್ರೆಯಲ್ಲಿ ನೀರುಳ್ಳಿ ಹುಳಿ ಕುದಿಸುತ್ತಿದ್ದೆ. ಮಾಸ್ಟ್ರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಣ್ಣುವರು. ನಾನು ರುಚಿ ನೋಡಿದ್ದೆನೇ ಎಂದು ಕೇಳಬೇಡಿ. ಉಪ್ಪು ನೋಡದೆ ಬಡಿಸುವ ಹೆಂಗಸು ನಾನಲ್ಲ. ಸಿಪ್ಪೆಯನ್ನು ಬಾಳೆಯ ಬುಡದಲ್ಲಿ ಹೂತು, ವಾಸನೆ ಅಡಗಲೆಂದು ಮನೆಯಿಡೀ ಸಾಂಬ್ರಾಣಿ ಹೊಗೆ ಹಾಕುತ್ತಿದ್ದೆ. ಸೊಸೆಗೆ ಭಕ್ತಿ ಜಾಸ್ತಿಯಾಗಿದೆ ಎಂದು ಅತ್ತೆ ನೆರೆಮನೆಯವರ ಹತ್ತಿರ ಹೇಳಿಕೊಂಡರು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ.

ಎರಡು ತಿಂಗಳಲ್ಲಿ ಎದೆ ಉರಿ ಇಳಿಯಿತು. ಔಷಧದ ಬಾಟಲಿಗೆ ಧೂಳು ಹಿಡಿಯಿತು. ತಿಂಗಳ ಕೊನೆಯ ವಾರದಲ್ಲೂ ಮನೆಯಲ್ಲಿ ಕಾಫಿಗೆ ಹಾಲು ಸಾಕಾಗತೊಡಗಿತು. ನನಗಂತೂ ರಾಜ್ಯ ಗೆದ್ದಷ್ಟು ಖುಷಿ.

ಆಮೇಲೆ ಮಳೆಗಾಲ ಹಿಡಿಯಿತು. ಒಂದು ಸಂಜೆ ಜೋರು ಮಳೆ. ಅತ್ತೆ ದೇವಸ್ಥಾನಕ್ಕೆ ಹೋಗಲಾಗದೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದರು. ಮಾಸ್ಟ್ರು ಮಡಚಿದ ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ತೊಯ್ದು ತೊಪ್ಪೆಯಾಗಿ ಬಂದರು.

"ಕೊಡೆ ಉಂಟಲ್ಲ ಮಗಾ, ಎಂತಕ್ಕೆ ಒದ್ದೆಯಾದದ್ದು?"

"ಕಡ್ಡಿ ಮುರಿದಿದೆ ಅಮ್ಮ."

"ಎಲ್ಲಿ, ಕೊಡು ನೋಡುವ."

ಶಾಲೆಯ ಹುಡುಗರನ್ನೆಲ್ಲ ನಡುಗಿಸುವ ಮಾಸ್ಟ್ರು ಬೆತ್ತಕ್ಕೆ ಕೈಯೊಡ್ಡಿದವರ ಹಾಗೆ ಕೊಡೆ ನೀಡಿದರು. ಅತ್ತೆ ಬಿಡಿಸಿದರು. ಏಳೆಂಟು ನೀರುಳ್ಳಿ ದಡಬಡ ಉರುಳಿ ಜಗಲಿಯಿಡೀ ಹರಡಿದವು. ಒಂದು ಅವರ ಮಣೆಯ ಅಡಿಗೇ ಹೋಗಿ ನಿಂತಿತು.

ಬಾಗಿಲಲ್ಲಿ ನಿಂತಿದ್ದ ನಾನು ಸೆರಗನ್ನು ಬಾಯಿಗೆ ಹಿಡಿದೆ. ಬೈಗುಳಕ್ಕೆ ಹೆದರಿದ್ದಲ್ಲ. ನಾಳೆಯಿಂದ ಇವರಿಗೆ ಮತ್ತೆ ಹೋಟೆಲೇ ಗತಿ, ಮತ್ತೆ ಆ ವಾಂತಿ, ಆ ನರಳಾಟ ಎಂದು ಅಳು ಒತ್ತಿ ಬಂತು.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದಕ್ಕಾ ನಿನ್ನ ಸಾಂಬ್ರಾಣಿ? ನನಗೆ ಪ್ರಾಯ ಆದದ್ದು ಹೌದು, ಮೂಗು ಸರಿಯೇ ಉಂಟು."

ಆಮೇಲೆ ಮಗನ ಕಡೆ ತಿರುಗಿದರು. "ಎಂತ ಮಾರಾಯ, ಎಲ್ಲ ಮೊಳಕೆ ಬಂದದ್ದೇ ತಂದಿದ್ದೀಯಲ್ಲ! ನಿನ್ನ ಅಪ್ಪ ಒಂದೊಂದೇ ಒತ್ತಿ ನೋಡಿ ತರ್ತಿದ್ದರು."

ಮಾಸ್ಟ್ರು ಒದ್ದೆ ಬಟ್ಟೆಯಲ್ಲೇ ನೆಲಕ್ಕೆ ಕುಳಿತುಬಿಟ್ಟರು. ಅತ್ತೆ ಮೂಲೆಯಲ್ಲಿದ್ದ ಕಸ ಗುಡಿಸುವ ಹಿಡಿಸೂಡಿಯ ತುದಿಯಿಂದ ಮಣೆಯಡಿಯ ನೀರುಳ್ಳಿಯನ್ನು ನನ್ನ ಕಡೆಗೆ ದೂಡಿದರು.

"ಹುಳಿಗೆ ಇದನ್ನು ಕಡೆಗೆ ಹಾಕು. ಮೊದಲೇ ಹಾಕಿದರೆ ಬೆಂದು ಕರಗಿಹೋಗ್ತದೆ. ನಿನ್ನ ಮಾವನಿಗೆ ಅದು ಬಾಯಿಗೆ ಸಿಗಬೇಕಿತ್ತು."

ಅಷ್ಟು ಹೇಳಿ ಮತ್ತೆ ಬತ್ತಿ ಹೊಸೆಯತೊಡಗಿದರು.