ಸಿಂಫನಿಯಲ್ಲೊಂದು ಕೆಮ್ಮು

ನನ್ನ ಕೆಮ್ಮಿಗೆ ಕಾಯಿಲೆಯೆಂಬ ಮರ್ಯಾದೆಯೂ ಇಲ್ಲ. ಡಾಕ್ಟರು ಎದೆ ನೋಡಿ, ಏನೂ ಇಲ್ಲ ಎಂದು ಕಳಿಸಿದ್ದಾರೆ. ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮದು ರೇಷ್ಮೆ ಹುರಿ ಮಾಡುವ ಮಿಷನ್ನುಗಳ ಮನೆ. ಆ ಗದ್ದಲದಲ್ಲಿ ನನ್ನ ಗಂಟಲು ತೆಪ್ಪಗಿರುತ್ತದೆ. ಕರೆಂಟು ಹೋಗಿ ಮಿಷನ್ನು ನಿಂತಿತೋ, ಕೆಮ್ಮು ಶುರು.

ಇಂಥ ನನ್ನನ್ನು ಅಕ್ಕ ದೇವನಹಳ್ಳಿ ಕಡೆಯ ಹೊಸ ಸಭಾಂಗಣವೊಂದಕ್ಕೆ ಸಿಂಫನಿ ಕೇಳಲು ಎಳೆದುಕೊಂಡು ಹೋದಳು. ಅವಳ ಮಗಳು ಮಾನಸ ಅಲ್ಲಿ ಮೊದಲ ಸಲ ದೊಡ್ಡ ಹಿತ್ತಾಳೆ ತಾಳ ಬಾರಿಸುವವಳಿದ್ದಳು. ಬಾಗಿಲಲ್ಲೇ ನನಗೆ ತಾಕೀತು ಮಾಡಿದಳು.

"ಮಾವ, ನಾಲ್ಕು ಭಾಗ ಇರುತ್ತೆ, ಮಧ್ಯೆ ಚಪ್ಪಾಳೆ ತಟ್ಬೇಡಿ. ಕೊನೇದು ತುಂಬ ಮೆಲ್ಲಗೆ ಮುಗಿಯುತ್ತೆ. ಅಲ್ಲೇನಾದ್ರೂ ಕೆಮ್ಮಿದ್ರೆ ನಿಮ್ಮನ್ನ ಮಾತಾಡ್ಸೋದೇ ಇಲ್ಲ."

ನನಗೆ ನಿಜಕ್ಕೂ ಭಯವಾಯಿತು. ನನ್ನನ್ನು ಮಾತಾಡಿಸುವ ಸೊಸೆ ಇರುವುದು ಅವಳೊಬ್ಬಳೇ.

ನಮ್ಮ ಮದುವೆಗಳಲ್ಲಿ ಈ ಕಷ್ಟವಿಲ್ಲ. ತಾಳಿ ಕಟ್ಟುವಾಗ ಯಾರಾದರೂ ಸೀನಿದರೆ ಅಪಶಕುನ. ಹಾಗೆಂದು ಛತ್ರದ ತುಂಬ ಇರುವವರಿಗೆಲ್ಲ ಸೀನಬೇಡಿ ಎನ್ನಲಾದೀತೆ? ವಾಲಗದವರಿಗೆ ಸನ್ನೆ ಮಾಡಿ ಗಟ್ಟಿಮೇಳ ಹಾಕಿಸುತ್ತಾರೆ, ಆಮೇಲೆ ಸೀನುವವರು ಸೀನಿಕೊಳ್ಳಲಿ. ನಮ್ಮ ಹಿರಿಯರು ಮನುಷ್ಯನ ಮೂಗನ್ನೂ ಗಂಟಲನ್ನೂ ಚೆನ್ನಾಗಿ ಬಲ್ಲವರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನವರೂ ವೇದಿಕೆಯ ತುಂಬ ವಾದ್ಯಗಾರರನ್ನು ಸೇರಿಸಿ ಗಟ್ಟಿಮೇಳಕ್ಕೆ ಒಳ್ಳೆಯ ಏರ್ಪಾಡನ್ನೇ ಮಾಡಿಕೊಂಡಿದ್ದರು. ಆದರೆ ಅವರಲ್ಲಿ ಕೆಲವರು, ಅಷ್ಟು ಜನರನ್ನು ಗುಡ್ಡೆ ಹಾಕಿಕೊಂಡು, ಕೊನೆಗೆ ಪಿಸುಗುಟ್ಟಿಸುವುದೇ ದೊಡ್ಡತನ ಎಂದುಕೊಂಡರು.

ಅಕ್ಕ ಮುಂದಿನ ಸಾಲಿನಲ್ಲಿ ಕೂತಳು. ನನ್ನನ್ನು, ಮುಂಜಾಗ್ರತೆಗೆ, ಹಿಂದೆ ಬಾಗಿಲ ಪಕ್ಕ ಕೂರಿಸಿದಳು. ಮೂರನೆಯ ಭಾಗದ ಅಬ್ಬರದಲ್ಲಿ ಮಾನಸ ತಾಳ ಹೊಡೆದಾಗ ಕೆಮ್ಮಿ ಮುಗಿಸಿಬಿಡುವುದೆಂದು ನಾನು ಲೆಕ್ಕ ಹಾಕಿದ್ದೆ. ಅಬ್ಬರ ಬಂತು. ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದ ಹುಡುಗಿ ಎದ್ದು, ತಾಳ ಎತ್ತಿ, ಸರಿಯಾದ ಕ್ಷಣಕ್ಕೆ ಹೊಡೆದಳು. ಮೈ ಜುಮ್ಮೆಂದಿತು. ಹೆಮ್ಮೆಯಿಂದ ಕಣ್ಣೊರೆಸಿಕೊಳ್ಳುವುದರಲ್ಲಿ ಕೆಮ್ಮುವುದೇ ಮರೆತುಹೋಯಿತು.

ಕೊನೆಯ ಭಾಗದಲ್ಲಿ ಪಿಟೀಲುಗಳು ತಗ್ಗುತ್ತ ಹೋದಂತೆ ಗಂಟಲಲ್ಲಿ ಇರುವೆ ಹರಿದಾಡತೊಡಗಿತು. ಕರ್ಚೀಫನ್ನು ಬಾಯಿಗೆ ತುರುಕಿಕೊಂಡೆ. ನನ್ನ ಕಣ್ಣೀರು ಕಂಡ ಪಕ್ಕದವರು, ಎಂಥ ರಸಿಕ ಎಂಬಂತೆ ತಲೆದೂಗಿದರು. ಕಡೆಯ ಸ್ವರವೂ ಅಡಗಿತು. ವಾದ್ಯವೃಂದ ನಡೆಸುತ್ತಿದ್ದವರು ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. ಆಗ ಕೇಳಿಸಿತು, ಗಡುಸಾದ ಒಂದು ಕೆಮ್ಮು.

ನನ್ನದಲ್ಲ. ವೇದಿಕೆಯ ಹಿಂದಿನ ಸಾಲಿನಲ್ಲಿ ಮಾನಸ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಕ್ಕ ಅತ್ತ ನೋಡಲೇ ಇಲ್ಲ. ನೇರ ಹಿಂದಕ್ಕೆ ತಿರುಗಿ ನನ್ನನ್ನು ದುರುಗುಟ್ಟಿ ನೋಡಿದಳು. ಕೆಮ್ಮು ಎಲ್ಲಿಂದ ಬಂತೆಂದು ವಿಚಾರಿಸುವ ಅಗತ್ಯ ಅವಳಿಗೆ ಎಂದೂ ಕಂಡದ್ದಿಲ್ಲ.

ಹೊರಗೆ ಬಂದೊಡನೆ ಶುರು ಮಾಡಿದಳು. "ಅಷ್ಟು ಹೇಳಿದ್ರೂ ಕೆಮ್ಬಿಟ್ಟಲ್ಲೋ."

ತಲೆ ತಗ್ಗಿಸಿ ನಿಂತಿದ್ದ ಮಾನಸ ಬಾಯಿ ತೆರೆಯುವ ಮೊದಲೇ ನಾನು, "ಏನ್ಮಾಡ್ಲಿ ಅಕ್ಕ, ತಡ್ಕೊಳ್ಳಕ್ಕಾಗ್ಲಿಲ್ಲ" ಎಂದೆ. ಸೋದರಮಾವನಾದವನು ಮದುವೆಯ ದಿನ ಸೊಸೆಯನ್ನೇ ಎತ್ತಿಕೊಂಡು ಮಂಟಪಕ್ಕೆ ತರಬೇಕು. ಒಂದು ಕೆಮ್ಮೇನು ಮಹಾ. ಅಕ್ಕನಿಗೆ ನಂಬಿಕೆ ಬರಲೆಂದು ಇನ್ನೊಂದಿಷ್ಟು ಕೆಮ್ಮಿ ತೋರಿಸಲು ಹೋದೆ. ಜನ್ಮದಲ್ಲಿ ಮೊದಲ ಬಾರಿಗೆ ಬರಲೇ ಇಲ್ಲ.

ಮಾನಸ ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದು ನಿಂತು, ನನ್ನ ಪರವಾಗಿ ಕೆಮ್ಮಿದಳು.